ನಾಳೆ ಬಾ

೧೯೯೦ರ ದಶಕದಲ್ಲಿ ನಮ್ಮ ನಾಡಿನ ಅನೇಕ ಊರುಗಳಲ್ಲಿ ಮನೆಯ ಬಾಗಿಲುಗಳ ಮೇಲೆ ‘ನಾಳೆ ಬಾ’ ಎಂದು ಬರೆದಿದ್ದುದನ್ನು ಹಿರಿಯರು ಈಗಲೂ ನೆನೆಯುತ್ತಾರೆ. ರಾತ್ರಿಯ ಹೊತ್ತು ದೆವ್ವವೊಂದು ಪರಿಚಿತರ ದನಿಯಲ್ಲಿ ಕೂಗಿ ಬಾಗಿಲು ಬಡಿಯುವುದೆಂದೂ, ತೆರೆದವರು ಉಳಿಯಲಾರರೆಂದೂ, ಬಾಗಿಲ ಮೇಲಣ ಬರಹವನ್ನು ಓದಿದರೆ ಅದು ಹಿಂದಿರುಗುವುದೆಂದೂ ಸುದ್ದಿ ಹಬ್ಬಿತ್ತು. ಮರುದಿನ ಅದು ಮತ್ತೆ ಬರುವುದು. ಅದೇ ಬರಹವನ್ನು ಓದಿ ಮತ್ತೆ ಹಿಂದಿರುಗುವುದು. ದೆವ್ವದ ಇರವು ಇಲ್ಲದಿರವುಗಳ ಚರ್ಚೆಯನ್ನು ಇಲ್ಲಿ ಬಿಡೋಣ. ನನಗೆ ಕುತೂಹಲಕರವಾಗಿ ಕಂಡಿರುವುದು ಬೇರೊಂದು ಅಂಶ. ಈ ಉಪಾಯದಿಂದ ದೆವ್ವವು ತೊಲಗಿದಂತಾಗಲಿಲ್ಲ. ಪ್ರತಿ ರಾತ್ರಿಯೂ ತಪ್ಪದೆ ಬರುವಂತೆ ಮನೆಯವರೇ ಅದಕ್ಕೆ ಆಹ್ವಾನ ಬರೆದಿಟ್ಟಂತಾಯಿತು.

ವಿದ್ಯಾರ್ಥಿ ಜೀವನದಲ್ಲಿ ಇಂತಹ ಬರಹವಿಲ್ಲದ ಬಾಗಿಲು ಅಪೂರ್ವ. ವಾರಗಟ್ಟಲೆ ಬರೆಯದೆ ಉಳಿದ ಪ್ರಯೋಗಗಳ ರೆಕಾರ್ಡು, ಒಮ್ಮೆ ಅರ್ಥವಾಗದೆ ಹೋದುದರಿಂದ ಮತ್ತೆ ತೆರೆಯದ ಪರ್ಯಾಯ ವಿದ್ಯುತ್ತಿನ ಅಧ್ಯಾಯ, ಕಡಮೆ ಅಂಕಗಳು ಬಂದಿರುವುದನ್ನು ತಂದೆಗೆ ತಿಳಿಸಬೇಕಾದ ಮಾತು ಇವೆಲ್ಲವೂ ಪ್ರತಿದಿನ ಬಾಗಿಲು ಬಡಿಯುತ್ತವೆ. ನಾವು ‘ನಾಳೆ ಬಾ’ ಎನ್ನುತ್ತೇವೆ.

ಕೆಲವು ವರ್ಷಗಳ ಹಿಂದೆ ನನ್ನ ತರಗತಿಯಲ್ಲಿ ಒಬ್ಬ ಹುಡುಗನಿದ್ದನು. ಬುದ್ಧಿಯಲ್ಲಿ ಯಾರಿಗೂ ಕಡಮೆಯಲ್ಲ. ಜ್ವರ ಬಂದು ಎರಡು ವಾರ ಪ್ರಯೋಗಶಾಲೆಗೆ ಬರಲಿಲ್ಲ. ಎರಡು ಪ್ರಯೋಗಗಳು ಉಳಿದವು. ಮೂರನೆಯ ವಾರ, ಆ ಎರಡನ್ನು ಕೇಳುವರೆಂಬ ಅಂಜಿಕೆಯಿಂದ ಬರಲಿಲ್ಲ. ಹೀಗೆ ಉಳಿದವು ಮೂರಾದವು, ನಾಲ್ಕಾದವು. ಕೊನೆಗೆ ಪ್ರಯೋಗಶಾಲೆಯ ಮುಂದಣ ಮೊಗಸಾಲೆಯಲ್ಲಿ ನಡೆಯುವುದನ್ನೇ ಬಿಟ್ಟು, ಕಟ್ಟಡವನ್ನು ಸುತ್ತಿಕೊಂಡು ತರಗತಿಗೆ ಹೋಗತೊಡಗಿದನು. ಆ ವರ್ಷ ಅವನು ಪರೀಕ್ಷೆಗೆ ಕೂರಲಿಲ್ಲ. ಮೊದಲ ಎರಡು ಪ್ರಯೋಗಗಳನ್ನು ಬರೆದು ಮುಗಿಸಲು ಬೇಕಾಗಿದ್ದುದು ಹೆಚ್ಚೆಂದರೆ ಮೂರು ಗಂಟೆ. ಅವನು ಕಳೆದುಕೊಂಡದ್ದು ಒಂದು ವರ್ಷ. ಉಪಾಧ್ಯಾಯರ ಕೊಠಡಿಯಲ್ಲಿ ನಾವೆಲ್ಲರೂ ಅವನನ್ನು ಸೋಮಾರಿಯೆಂದು ಕರೆದೆವು. ಆದರೆ ಆ ಸೋಮಾರಿಯು ಅದೇ ತಿಂಗಳುಗಳಲ್ಲಿ ಗಣಿತದ ಪುಸ್ತಕದ ಲೆಕ್ಕಗಳನ್ನೆಲ್ಲ ಎರಡೆರಡು ಸಲ ಮಾಡಿ ಮುಗಿಸಿದ್ದನೆಂದು ಅನಂತರ ತಿಳಿಯಿತು.

ಸೋಮಾರಿತನವೇ ಬೇರೆ, ಮುಂದೂಡುವಿಕೆಯೇ ಬೇರೆ ಎಂಬುದು ನನ್ನ ಅಭಿಪ್ರಾಯ. ನಮ್ಮ ಪೂರ್ವಿಕರು ಈ ಭೇದವನ್ನು ಕಂಡಿದ್ದರೆಂದು ತೋರುತ್ತದೆ. ಭಗವದ್ಗೀತೆಯ ೧೮ನೆಯ ಅಧ್ಯಾಯದ ೨೮ನೆಯ ಶ್ಲೋಕದಲ್ಲಿ ತಾಮಸ ಕರ್ತೃವಿನ ಲಕ್ಷಣಗಳನ್ನು ಎಣಿಸುವಾಗ ‘ಅಲಸ’ ಎಂಬ ಮಾತು ಬಂದಿದ್ದರೂ, ‘ದೀರ್ಘಸೂತ್ರೀ’ ಎಂಬ ಮಾತನ್ನು ಬೇರೆಯಾಗಿಯೇ ಹೇಳಿದೆ. ಅದರ ಪಕ್ಕದಲ್ಲಿಯೇ ‘ವಿಷಾದೀ’ ಎಂಬ ಮಾತಿದೆ. ಸೋಮಾರಿಯು ಕೆಲಸ ಬಿಟ್ಟು ಸುಖವಾಗಿ ನಿದ್ರಿಸುತ್ತಾನೆ. ದೀರ್ಘಸೂತ್ರಿಗೆ ನಿದ್ರೆಯೂ ಇಲ್ಲ. ಕೆಲಸ ಮಾಡಿದ ಸಮಾಧಾನವೂ ಇಲ್ಲ, ಮಾಡದಿದ್ದುದರ ವಿಶ್ರಾಂತಿಯೂ ಇಲ್ಲ.

ಭೌತವಿಜ್ಞಾನದ ವಿದ್ಯಾರ್ಥಿಗಳು ತಮ್ಮ ಈ ಅವಸ್ಥೆಯನ್ನು ನಗುತ್ತಾ ‘ಜಡತ್ವ’ವೆಂದು ವರ್ಣಿಸುವುದುಂಟು. ಉಪಮೆ ಸರಿಯಾಗಲಿಲ್ಲ. ಜಡತ್ವವುಳ್ಳ ವಸ್ತುವಿನ ಮೇಲೆ ಎಷ್ಟು ಅಲ್ಪ ಬಲವು ವರ್ತಿಸಿದರೂ, ಅದನ್ನು ಎದುರಿಸುವ ಬೇರೆ ಬಲವಿಲ್ಲದಿದ್ದರೆ, ಅದು ಅಷ್ಟಿಷ್ಟಾದರೂ ವೇಗೋತ್ಕರ್ಷವನ್ನು ಪಡೆದೇ ತೀರುತ್ತದೆ. ಇದಕ್ಕಿಂತ ಘರ್ಷಣೆಯ ಉಪಮೆ ಮೇಲು. ನೆಲದ ಮೇಲಿರುವ ಪೆಟ್ಟಿಗೆಯನ್ನು ಕದಲಿಸಲು ಬೇಕಾದ ಬಲವು, ಕದಲಿದ ಮೇಲೆ ಅದನ್ನು ಜರುಗಿಸುತ್ತಿರಲು ಬೇಕಾದ ಬಲಕ್ಕಿಂತ ಸಾಮಾನ್ಯವಾಗಿ ಹೆಚ್ಚು. ಅದೂ ಅಲ್ಲದೆ, ೧೭೮೧ರಲ್ಲಿ ಪ್ಯಾರಿಸಿನ ವಿಜ್ಞಾನ ಅಕಾಡೆಮಿಯ ಬಹುಮಾನವನ್ನು ಪಡೆದ ತನ್ನ ಪ್ರಬಂಧದಲ್ಲಿ ಕೂಲಂಬನು, ಮರದ ಮೇಲೆ ಮರವು ಹೆಚ್ಚು ಹೊತ್ತು ಸುಮ್ಮನೆ ನಿಂತಿದ್ದಷ್ಟೂ ಅದನ್ನು ಕದಲಿಸಲು ಹೆಚ್ಚು ಬಲ ಬೇಕಾಗುವುದೆಂಬುದನ್ನು ಅಳೆದು ತೋರಿಸಿದ್ದಾನೆ. ರೆಕಾರ್ಡಿಗೂ ಈ ನಿಯಮ ಅನ್ವಯಿಸುವುದೆಂದು ನನ್ನ ವಿದ್ಯಾರ್ಥಿಗಳು ಒಪ್ಪುವರು! ಆದರೂ ಇಲ್ಲೊಂದು ಕೊರತೆಯಿದೆ. ಕದಲದೆ ನಿಂತುದಕ್ಕಾಗಿ ಪೆಟ್ಟಿಗೆಗೆ ಯಾರೂ ಕೂಲಿ ಕೊಡುವುದಿಲ್ಲ. ಮನುಷ್ಯನಿಗೆ ಕೂಲಿ ದೊರೆಯುತ್ತದೆ.

ಈ ಕೂಲಿಯ ವಿಚಾರವನ್ನು ಸ್ವಲ್ಪ ವಿಸ್ತಾರವಾಗಿ ಹೇಳಬೇಕು. ಅಮೆರಿಕದ ಮನೋವಿಜ್ಞಾನಿ ಹೋಬರ್ಟ್ ಮೌರರ್ ೧೯೪೭ರಲ್ಲಿ ಭಯದ ಕಲಿಕೆಯು ಎರಡು ಘಟ್ಟಗಳಲ್ಲಿ ನಡೆಯುವುದೆಂಬ ವಾದವನ್ನು ಮಂಡಿಸಿದನು. ಮೊದಲನೆಯದು, ಯಾವುದೋ ನೋವಿನ ಜೊತೆಯಲ್ಲಿ ಬಂದ ವಸ್ತುವಿಗೆ ಭಯವು ಅಂಟಿಕೊಳ್ಳುವುದು. ಎರಡನೆಯದು, ಆ ವಸ್ತುವಿನಿಂದ ದೂರ ಸರಿದೊಡನೆ ಭಯವಿಳಿದು ಹಾಯೆನಿಸುವುದು. ಈ ಹಾಯೆನಿಸುವಿಕೆಯೇ ಕೂಲಿ. ಯಾವ ವರ್ತನೆಗೆ ಬಹುಮಾನವು ಸಿಕ್ಕುವುದೋ ಆ ವರ್ತನೆಯು ಬಲಗೊಳ್ಳುತ್ತದೆ; ಆದುದರಿಂದ ದೂರ ಸರಿಯುವ ಅಭ್ಯಾಸ ಪ್ರತಿ ಸಲವೂ ಇನ್ನಷ್ಟು ಗಟ್ಟಿಯಾಗುತ್ತದೆ. ಇದಕ್ಕಿಂತ ಕೆಟ್ಟ ಪರಿಣಾಮವೊಂದಿದೆ. ದೂರವೇ ಉಳಿದವನಿಗೆ ತನ್ನ ಭಯವು ನಿಜವೋ ಸುಳ್ಳೋ ಎಂದು ಪರೀಕ್ಷಿಸುವ ಸಂದರ್ಭವೇ ಒದಗುವುದಿಲ್ಲ. ಪುಸ್ತಕವನ್ನು ಮುಚ್ಚಿದೊಡನೆ ನಮಗೆ ತೋರುವ ನೆಮ್ಮದಿ, ಗೆಳೆಯನ ಕೋಣೆಗೆ ಹೋಗಿ ಹರಟುವಾಗಿನ ಮರೆವು, ಮೊಬೈಲಿನಲ್ಲಿ ಕಳೆದ ಅರ್ಧ ಗಂಟೆ, ಇವು ಕಾಲವನ್ನು ನುಂಗುತ್ತವೆಂದು ಎಲ್ಲರೂ ಬಯ್ಯುತ್ತಾರೆ. ಕಾಲ ಹೋದುದು ಚಿಕ್ಕ ನಷ್ಟ. ಭಯವು ಪರೀಕ್ಷೆಗೆ ಒಳಗಾಗದೆ ಉಳಿದುದೇ ದೊಡ್ಡ ನಷ್ಟ.

ಈ ಕೂಲಿಯ ಲೆಕ್ಕವನ್ನು ವಿದ್ಯಾರ್ಥಿಗಳಲ್ಲಿಯೇ ನೋಡಿದವರಿದ್ದಾರೆ. ಡಯಾನ್ ಟೈಸ್ ಮತ್ತು ರಾಯ್ ಬೌಮೈಸ್ಟರ್ ಎಂಬುವರು ೧೯೯೭ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಕೆಲಸವನ್ನು ಮುಂದೂಡುವ ಕಾಲೇಜು ವಿದ್ಯಾರ್ಥಿಗಳು ಅವಧಿಯ ಆರಂಭದಲ್ಲಿ ಇತರರಿಗಿಂತ ನಿಶ್ಚಿಂತರಾಗಿಯೂ ಆರೋಗ್ಯವಾಗಿಯೂ ಇದ್ದುದು ಕಂಡುಬಂದಿತು. ಅವಧಿಯ ಕೊನೆಯಲ್ಲಿ ಇದು ತಿರುಗಿ, ಅವರ ಆತಂಕವೂ ಕಾಯಿಲೆಯೂ ಇತರರಿಗಿಂತ ಹೆಚ್ಚಾದವು, ಅಂಕಗಳೂ ಕಡಮೆಯಾದವು. ಮೊದಲು ಪಡೆದ ನೆಮ್ಮದಿಗಿಂತ ಕೊನೆಗೆ ತೆತ್ತದ್ದೇ ಹೆಚ್ಚು.

ಹಾಗಾದರೆ ಭಯವನ್ನು ಪರೀಕ್ಷಿಸುವ ಬಗೆ ಯಾವುದು? ಇದಕ್ಕೆ ಒಂದು ಹಳೆಯ ಪ್ರಯೋಗವನ್ನು ಹೇಳುತ್ತೇನೆ. ೧೯೨೪ರಲ್ಲಿ ಮೇರಿ ಕವರ್ ಜೋನ್ಸ್ ಎಂಬಾಕೆ ಪೀಟರ್ ಎಂಬ ಸುಮಾರು ಮೂರು ವರ್ಷದ ಮಗುವಿನ ಕಥೆಯನ್ನು ಪ್ರಕಟಿಸಿದರು. ಆ ಮಗುವಿಗೆ ಮೊಲವೆಂದರೆ ಮಹಾಭಯ. ಮೊಲವಷ್ಟೇ ಅಲ್ಲ, ತುಪ್ಪುಳಿನ ಅಂಗಿಗೂ ಹತ್ತಿಗೂ ಅದು ಅಂಜುತ್ತಿತ್ತು. ಮೊದಮೊದಲು, ಅಂಜದ ಇತರ ಮಕ್ಕಳೊಡನೆ ಅದನ್ನು ಆಡಲು ಬಿಟ್ಟು, ಅಲ್ಲಿಗೆ ಮೊಲವನ್ನು ತಂದರು, ಭಯವು ತಗ್ಗತೊಡಗಿತು. ಅಷ್ಟರಲ್ಲಿ ಮಗುವಿಗೆ ಜ್ವರ ಬಂದು ಆಸ್ಪತ್ರೆ ಸೇರಿತು. ಅಲ್ಲಿಂದ ಹೊರಟ ದಿನ ದೊಡ್ಡ ನಾಯಿಯೊಂದು ಮೇಲೆ ಹಾರಿ ಹೆದರಿಸಿತು. ಗಳಿಸಿದ ಧೈರ್ಯವೆಲ್ಲ ಒಮ್ಮೆಗೇ ಹೋಯಿತು. ಜೋನ್ಸ್ ಮತ್ತೆ ಮೊದಲಿನಿಂದ ಆರಂಭಿಸಿದರು. ಮಗುವು ತನಗೆ ಪ್ರಿಯವಾದ ತಿನಿಸನ್ನು ತಿನ್ನುತ್ತಿರುವಾಗ, ಪಂಜರದಲ್ಲಿದ್ದ ಮೊಲವನ್ನು ಅದರ ಊಟಕ್ಕೆ ಅಡ್ಡಿಯಾಗದಷ್ಟು ಮಾತ್ರ ಹತ್ತಿರ ತರುತ್ತಿದ್ದರು. ಮೊದಲು ಹನ್ನೆರಡು ಅಡಿ ದೂರದಲ್ಲಿ ಸಹಿಸಿದ ಮಗುವು ನಾಲ್ಕು ಅಡಿಯಲ್ಲಿ, ಮೂರು ಅಡಿಯಲ್ಲಿ, ಅನಂತರ ಪಕ್ಕದಲ್ಲಿಯೇ ಸಹಿಸಿತು. ಕೊನೆಗೆ ಅದೇ ಮೊಲವು ತನ್ನ ಬೆರಳುಗಳನ್ನು ಮೆಲ್ಲಗೆ ಕಚ್ಚುವಂತೆ ಬಿಟ್ಟುಕೊಂಡಿತು. ೧೯೫೮ರಲ್ಲಿ ಜೋಸೆಫ್ ವೋಲ್ಪ್ ಎಂಬ ವೈದ್ಯನು ದೊಡ್ಡವರ ಭಯಗಳಿಗೆ ಮೆಟ್ಟಲು ಮೆಟ್ಟಲಾದ ಚಿಕಿತ್ಸೆಯನ್ನು ವಿವರಿಸುವ ಗ್ರಂಥವನ್ನು ಬರೆದಾಗ, ಜೋನ್ಸರ ಈ ಪ್ರಯೋಗವೇ ಅದಕ್ಕೆ ಪೂರ್ವಗಾಮಿಯಾಗಿತ್ತು.

ಮೊಲಕ್ಕೆ ಅಂಜುವುದು ಮಕ್ಕಳ ಮಾತಾಯಿತೆಂದು ಕೆಲವರು ನಗಬಹುದು. ಭೂಮಿಯನ್ನೇ ಅದರ ಸ್ಥಾನದಿಂದ ಕದಲಿಸಿದ ಕೋಪರ್ನಿಕಸನ ವಿಷಯವನ್ನು ನೋಡಿರಿ. ಸೂರ್ಯನು ಕೇಂದ್ರವೆಂಬ ತನ್ನ ವಿಚಾರವನ್ನು ಆತನು ೧೫೧೪ಕ್ಕೆ ಮೊದಲೇ ಚಿಕ್ಕದೊಂದು ಕೈಬರಹದಲ್ಲಿ ಬರೆದು ಕೆಲವರಿಗೆ ಮಾತ್ರ ತೋರಿಸಿದ್ದನು. ದೊಡ್ಡ ಗ್ರಂಥವು ಅಚ್ಚಾದದ್ದು ೧೫೪೩ರಲ್ಲಿ, ಆತನು ತೀರಿಕೊಂಡ ವರ್ಷ. ನಡುವಣ ಕಾಲವೆಲ್ಲ ಭಯದಲ್ಲಿಯೇ ಕಳೆಯಿತೆಂದರೆ ಅನ್ಯಾಯವಾದೀತು. ಗ್ರಹಗಳ ವೀಕ್ಷಣೆಗೂ ಗಣಿತಕ್ಕೂ ವರ್ಷಗಳು ಬೇಕಾಗಿದ್ದವು. ಆದರೆ ಭಯವಿದ್ದುದನ್ನು ಆತನೇ ಮುಚ್ಚಿಟ್ಟಿಲ್ಲ. ಪೋಪ್ ಮೂರನೆಯ ಪಾಲನಿಗೆ ಬರೆದ ಮುನ್ನುಡಿಯಲ್ಲಿ, ಜನರ ತಿರಸ್ಕಾರಕ್ಕೆ ಅಂಜಿ ಈ ಕೆಲಸವನ್ನು ಬಿಟ್ಟೇಬಿಡುವುದರಲ್ಲಿದ್ದೆನೆಂದೂ, ಗ್ರಂಥವು ತನ್ನ ಬಳಿ ಅಡಗಿರುವುದು ನಾಲ್ಕನೆಯ ಒಂಬತ್ತು ವರ್ಷಗಳ ಅವಧಿಗೆ ಬಂದಿತೆಂದೂ ಆತನು ಒಪ್ಪಿಕೊಂಡಿದ್ದಾನೆ. ೧೫೩೬ರಲ್ಲಿ ಷೋನ್‌ಬರ್ಗ್ ಎಂಬ ಕಾರ್ಡಿನಲನು ಪ್ರಕಟಿಸಬೇಕೆಂದು ಪತ್ರ ಬರೆದನು. ಮಿತ್ರನಾದ ಬಿಷಪ್ ಗೀಸೆಯು ಮತ್ತೆ ಮತ್ತೆ ಒತ್ತಾಯಪಡಿಸಿದನು. ಉಪದೇಶದಿಂದ ಕೆಲಸವಾಗಲಿಲ್ಲ. (ಉಪದೇಶದಿಂದ ಆಗುವುದಾಗಿದ್ದರೆ ನಮ್ಮ ಕಾಲೇಜುಗಳಲ್ಲಿ ಬಾಕಿ ರೆಕಾರ್ಡುಗಳೇ ಇರುತ್ತಿರಲಿಲ್ಲ.)

೧೫೩೯ರಲ್ಲಿ ವಿಟೆನ್‌ಬರ್ಗಿನಿಂದ ರೆಟಿಕಸ್ ಎಂಬ ಇಪ್ಪತ್ತೈದು ವರ್ಷದ ಗಣಿತದ ಅಧ್ಯಾಪಕನು ಅರುವತ್ತಾರು ವರ್ಷದ ಮುದುಕನನ್ನು ಹುಡುಕಿಕೊಂಡು ಬಂದನು. ಆಗ ನಡೆದುದು ಜೋನ್ಸರ ಪಂಜರದ ಮೊಲವನ್ನು ನೆನಪಿಗೆ ತರುತ್ತದೆ. ದೊಡ್ಡ ಗ್ರಂಥವನ್ನು ಹೊರಗೆಳೆಯಲಿಲ್ಲ. ರೆಟಿಕಸನು ಅದರ ಸಾರವನ್ನು ತಾನೇ ಒಂದು ಚಿಕ್ಕ ಪುಸ್ತಕವಾಗಿ ಬರೆದು, ೧೫೪೦ರಲ್ಲಿ ಡಾನ್ಜಿಗ್ ಪಟ್ಟಣದಲ್ಲಿ ಅಚ್ಚು ಹಾಕಿಸಿದನು. ಅಂಜಿದ್ದಂತಹ ಕೋಲಾಹಲವೇಳಲಿಲ್ಲ, ಮರುವರ್ಷವೇ ಬಾಸೆಲಿನಲ್ಲಿ ಅದರ ಎರಡನೆಯ ಮುದ್ರಣವಾಯಿತು. ಅನಂತರವೇ ಕೋಪರ್ನಿಕಸನು ತನ್ನ ಹಸ್ತಪ್ರತಿಯನ್ನು ಅಚ್ಚಿಗೆ ಬಿಟ್ಟುಕೊಟ್ಟದ್ದು. ಆತನ ಭಯವು ಪೂರ್ತಿ ನಿರಾಧಾರವಾಗಿತ್ತೆಂದು ಹೇಳಲಾರೆ. ಚರ್ಚು ಆ ಗ್ರಂಥವನ್ನು ತಡೆಹಿಡಿದದ್ದು ನಿಜ. ಆದರೆ ಅದು ೧೬೧೬ರಲ್ಲಿ, ಆತನು ತೀರಿಕೊಂಡು ಎಪ್ಪತ್ತಮೂರು ವರ್ಷಗಳಾದ ಮೇಲೆ.

ಇಲ್ಲಿ ಗಮನಿಸಬೇಕಾದುದೊಂದಿದೆ. ಇಟ್ಟ ಹೆಜ್ಜೆಯು ಚಿಕ್ಕದಾಗಿತ್ತು, ಆದರೆ ಅದು ಭಯದ ವಸ್ತುವಿನ ಕಡೆಗೇ ಇಟ್ಟ ಹೆಜ್ಜೆ. ನಮ್ಮ ವಿದ್ಯಾರ್ಥಿಗಳು ತಪ್ಪುವುದು ಇಲ್ಲಿಯೇ. ಓದಬೇಕೆಂದು ನಿಶ್ಚಯಿಸಿದೊಡನೆ ಅವರು ಮಾಡುವ ಮೊದಲ ಕೆಲಸವೆಂದರೆ ವೇಳಾಪಟ್ಟಿಯನ್ನು ಬರೆಯುವುದು. ಮೂರು ಬಣ್ಣದ ಶಾಯಿ, ಅಡಿಕೋಲು, ಗೋಡೆಗೆ ಅಂಟಿಸಲು ಗೋಂದು ಇಷ್ಟೂ ಬರುತ್ತದೆ. ಪರ್ಯಾಯ ವಿದ್ಯುತ್ತಿನ ಅಧ್ಯಾಯಕ್ಕೆ ಮುಂದಿನ ಸೋಮವಾರವನ್ನು ಗೊತ್ತುಮಾಡುತ್ತಾರೆ. ಆ ಗೋಡೆಯ ಮೇಲಿರುವುದೂ, ಸ್ವಲ್ಪ ಅಂದವಾದ ಅಕ್ಷರಗಳಲ್ಲಿ, ‘ನಾಳೆ ಬಾ’ ಎಂಬ ಬರಹವೇ. ಅಧ್ಯಾಯವನ್ನು ತೆರೆದು, ಉದಾಹರಣೆಯಾಗಿ ಬಿಡಿಸಿದ ಮೊದಲ ಲೆಕ್ಕವನ್ನು ಅರ್ಥವಾದರೂ ಆಗದಿದ್ದರೂ ಕೈಯಿಂದ ನಕಲು ಮಾಡಿ, ಎಲ್ಲಿ ತಿಳಿಯಲಿಲ್ಲವೋ ಅಲ್ಲಿ ಗೆರೆ ಎಳೆದವನು ವೇಳಾಪಟ್ಟಿ ಬರೆದವನಿಗಿಂತ ಮುಂದಿದ್ದಾನೆ. ಆ ಗೆರೆಯ ಮುಂದೆ ಕುಳಿತಾಗ ಎದೆ ಹೊಡೆದುಕೊಂಡರೆ ಕೂಡಲೆ ಏಳಬಾರದು. ಎದ್ದರೆ ಹಿಂದೆ ಹೇಳಿದ ಕೂಲಿ ಸಂದಾಯವಾಗುತ್ತದೆ. ಹತ್ತು ನಿಮಿಷ ಕುಳಿತರೆ ಆ ಹೊಡೆತವು ಸಾಮಾನ್ಯವಾಗಿ ತಾನಾಗಿಯೇ ಇಳಿಯುವುದನ್ನು ಯಾರೂ ತಮ್ಮ ಮೇಲೆಯೇ ಪ್ರಯೋಗ ಮಾಡಿ ನೋಡಬಹುದು.

ಕಳೆದುಹೋದ ದಿನಗಳಿಗಾಗಿ ತನ್ನನ್ನು ತಾನೇ ಹಳಿದುಕೊಳ್ಳುವುದೂ ಉಪಯೋಗಕ್ಕೆ ಬಾರದು. ಕೆನಡದ ಕಾರ್ಲ್‌ಟನ್ ವಿಶ್ವವಿದ್ಯಾನಿಲಯದ ಮೈಕೆಲ್ ವೋಲ್ ಮತ್ತು ಅವರ ಸಂಗಡಿಗರು ೨೦೧೦ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಮೊದಲನೆಯ ಪರೀಕ್ಷೆಗೆ ಓದುವುದನ್ನು ಮುಂದೂಡಿದುದಕ್ಕಾಗಿ ತಮ್ಮನ್ನು ಕ್ಷಮಿಸಿಕೊಂಡ ವಿದ್ಯಾರ್ಥಿಗಳು ಎರಡನೆಯ ಪರೀಕ್ಷೆಗೆ ಓದುವುದನ್ನು ಅಷ್ಟಾಗಿ ಮುಂದೂಡಲಿಲ್ಲವೆಂದು ಕಂಡಿತು. ಹಳಿದುಕೊಂಡಷ್ಟೂ ಆ ಪುಸ್ತಕದ ಮುಖವೇ ಇನ್ನಷ್ಟು ಅಸಹ್ಯವಾಗುವುದಲ್ಲವೆ? ಆತಂಕವು ಊಟ ನಿದ್ರೆಗಳನ್ನೇ ಕೆಡಿಸುವಷ್ಟಿದ್ದರೆ ಮಾತ್ರ ಅದು ಹೆಜ್ಜೆಗಳ ಲೆಕ್ಕಕ್ಕೆ ಸಿಕ್ಕುವುದಲ್ಲ. ಅಂತಹವರು ವೈದ್ಯರನ್ನು ಕಾಣಬೇಕು. ಇಲ್ಲವೆ ೨೦೨೨ರಲ್ಲಿ ಸರ್ಕಾರವು ಆರಂಭಿಸಿದ ಟೆಲಿ ಮಾನಸ್ ಸೇವೆಗೆ, ೧೪೪೧೬ಕ್ಕೆ, ಕರೆ ಮಾಡಬೇಕು.

ಮೊದಲು ಹೇಳಿದ ಹುಡುಗನ ವಿಷಯದಲ್ಲಿ ಒಂದು ಮಾತನ್ನು ಬಿಟ್ಟಿದ್ದೇನೆ. ಅವನು ಮೊಗಸಾಲೆಯನ್ನು ಬಿಟ್ಟು ಸುತ್ತಿಕೊಂಡು ಹೋಗುತ್ತಿದ್ದುದನ್ನು ನಾನು ಪ್ರಯೋಗಶಾಲೆಯ ಕಿಟಕಿಯಿಂದ ಒಮ್ಮೆಯಲ್ಲ, ನಾಲ್ಕಾರು ಸಲ ಕಂಡಿದ್ದೆ. ಕರೆದು ಕೇಳಬೇಕೆಂದು ಪ್ರತಿ ಸಲವೂ ಅನಿಸಿತು. ಕೇಳಿದರೆ ಅತ್ತಾನೋ, ಸುಳ್ಳು ಹೇಳಿಯಾನೋ, ನಾನು ಏನು ಹೇಳಬೇಕೋ ಎಂಬ ಮುಜುಗರದಿಂದ ನಾಳೆ ಕೇಳೋಣವೆಂದುಕೊಂಡೆ.

ಈಗ ರೆಕಾರ್ಡು ತಾರದವರನ್ನು ಆ ವಾರವೇ ಸಂಜೆ ನಾಲ್ಕೂವರೆಗೆ ಕರೆಯುತ್ತೇನೆ. ಏಕೆ ತರಲಿಲ್ಲವೆಂದು ಕೇಳುವುದಿಲ್ಲ. “ಪ್ರಯೋಗದ ಹೆಸರು, ಉದ್ದೇಶ, ಬೇಕಾದ ಉಪಕರಣಗಳು, ಇಷ್ಟು ಮಾತ್ರ ಬರೆದುಬಿಟ್ಟು ಹೋಗಪ್ಪ” ಎನ್ನುತ್ತೇನೆ. ಹತ್ತು ನಿಮಿಷದ ಕೆಲಸ. ಕೆಲವರು ಅಷ್ಟನ್ನು ಬರೆದು ಎದ್ದು ಹೋಗುತ್ತಾರೆ, ಮರುದಿನ ಉಳಿದುದಕ್ಕೆ ಬರುತ್ತಾರೆ. ಹೆಚ್ಚಿನವರು ಏಳುವುದಿಲ್ಲ, ಅಳತೆಗಳ ಕೋಷ್ಟಕವನ್ನೂ ಬರೆದು, ಗ್ರಾಫಿನ ಹಾಳೆಯನ್ನು ಕೇಳಿ ಪಡೆದು, ಬಿಂದುಗಳನ್ನು ಗುರುತಿಸುತ್ತಾ ಕುಳಿತುಬಿಡುತ್ತಾರೆ. ಬೀಗದ ಕೈ ಹಿಡಿದು ಬಾಗಿಲಲ್ಲಿ ನಿಂತ ಅಟೆಂಡರು ಆಗಾಗ ಗಡಿಯಾರವನ್ನು ನೋಡುತ್ತಾರೆ.