ಕಾರಿನ ತೆರಿಗೆ: ಅಳೆಯಬೇಕಾದ್ದು ಉದ್ದವನ್ನೋ, ಹೊಗೆಯನ್ನೋ?

ಕೋಲ್ಕತ್ತಾ: 2025ರಲ್ಲಿ ದುರ್ಗಾಪೂಜೆಗೆ ಕೆಲವೇ ದಿನ ಮೊದಲು, ಸೆಪ್ಟೆಂಬರ್ 22ರಿಂದ ಸಣ್ಣ ಕಾರುಗಳ ಮೇಲಿನ ಜಿಎಸ್‌ಟಿ ಶೇ. 18ಕ್ಕೆ ಇಳಿಯಿತು. ಹಬ್ಬಕ್ಕೆ ಕಾರು ಕೊಳ್ಳಲು ಕಾದಿದ್ದ ಮಧ್ಯಮ ವರ್ಗದವರಿಗೆ, ಅವರಲ್ಲಿ ಇಲ್ಲಿನ ನಮ್ಮ ಕನ್ನಡಿಗರಿಗೂ, ಸಂತೋಷವಾದದ್ದು ಸಹಜ. ಆದರೆ ಸಣ್ಣ ಕಾರು ಎಂದರೆ ಯಾವುದು? ಸರ್ಕಾರದ ಪ್ರಕಾರ ನಾಲ್ಕು ಮೀಟರ್ ಉದ್ದ ಮೀರದ, ಪೆಟ್ರೋಲ್ ಆದರೆ 1200 ಸಿಸಿ, ಡೀಸೆಲ್ ಆದರೆ 1500 ಸಿಸಿ ಒಳಗಿನ ಕಾರು. ಉಳಿದವಕ್ಕೆಲ್ಲ ಶೇ. 40. ವಿದ್ಯುತ್ ಕಾರಿಗೆ ಮಾತ್ರ ಹಿಂದಿನಂತೆ ಶೇ. 5.

ಇದರಲ್ಲೊಂದು ವಿಚಿತ್ರವಿದೆ. ನಾಲ್ಕು ಮೀಟರಿಗಿಂತ ತುಸು ಉದ್ದವಿದ್ದು ಲೀಟರಿಗೆ 25 ಕಿ.ಮೀ. ಓಡುವ ಹೈಬ್ರಿಡ್ ಕಾರಿಗೂ, ಲೀಟರಿಗೆ 12 ಕಿ.ಮೀ. ಮಾತ್ರ ಓಡುವ ಭಾರಿ ಎಸ್‌ಯುವಿಗೂ ಈಗ ಒಂದೇ ದರ. ಹಿಂದೆ ಸೆಸ್ ಸೇರಿ ದೊಡ್ಡ ಹೈಬ್ರಿಡ್‌ಗೆ ಶೇ. 43, ಎಸ್‌ಯುವಿಗೆ ಶೇ. 50 ಇತ್ತು. ಇದ್ದ ಆ ಅಲ್ಪ ಅಂತರವೂ ಹೋಯಿತು. ಒಂದು ಲೀಟರ್ ಪೆಟ್ರೋಲ್ ಉರಿದರೆ ಸುಮಾರು 2.3 ಕಿಲೋ ಇಂಗಾಲದ ಡೈಆಕ್ಸೈಡ್ ಹೊರಬರುತ್ತದೆ. ಲೆಕ್ಕ ಹಾಕಿದರೆ ಮೊದಲನೆಯದು ಕಿಲೋಮೀಟರಿಗೆ 92 ಗ್ರಾಂ, ಎರಡನೆಯದು 190 ಗ್ರಾಂ ಉಗುಳುತ್ತದೆ. ಟೇಪು ಹಿಡಿದು ಬಂಪರಿನಿಂದ ಬಂಪರಿಗೆ ಅಳೆಯುವ ತೆರಿಗೆಗೆ ಈ ವ್ಯತ್ಯಾಸ ಕಾಣುವುದಿಲ್ಲ.

ರಾಜ್ಯಗಳ ತೆರಿಗೆಯೂ ಇದಕ್ಕಿಂತ ಭಿನ್ನವಲ್ಲ. ಪಶ್ಚಿಮ ಬಂಗಾಳದಲ್ಲಿ ಎಂಜಿನ್ ಗಾತ್ರ ಮುಖ್ಯವಾದರೆ, ನಮ್ಮ ಕರ್ನಾಟಕದಲ್ಲಿ ಆಜೀವ ತೆರಿಗೆಗೆ ಕಾರಿನ ಬೆಲೆಯೇ ಆಧಾರ. ಬೆಂಗಳೂರಿನಲ್ಲಿ ಕಾರು ಕೊಂಡು ಕೋಲ್ಕತ್ತಾಕ್ಕೆ ವರ್ಗವಾಗಿ ಬಂದ ಬ್ಯಾಂಕ್ ನೌಕರರಿಗೆ ಇದರ ಬಿಸಿ ಚೆನ್ನಾಗಿ ಗೊತ್ತು. ಹನ್ನೆರಡು ತಿಂಗಳು ಮೀರಿದರೆ ಇಲ್ಲಿ ಮರುನೋಂದಣಿ, ಇಲ್ಲಿನ ತೆರಿಗೆ, ಅಲ್ಲಿ ಕಟ್ಟಿದ್ದನ್ನು ಮರಳಿ ಪಡೆಯಲು ಓಡಾಟ. ಈ ಗೋಳಿಗೆಂದೇ ಕೇಂದ್ರ ಸರ್ಕಾರ 2021ರಲ್ಲಿ ಬಿ.ಎಚ್. ಸರಣಿಯ ನೋಂದಣಿ ತಂದಿತು. ಎರಡೆರಡು ವರ್ಷಕ್ಕೆ ತೆರಿಗೆ ಕಟ್ಟಿದರಾಯಿತು. ಅದರಲ್ಲಿ ಬೆಲೆಗೆ ತಕ್ಕಂತೆ ಶೇ. 8, 10, 12 ದರಗಳಿದ್ದು, ಡೀಸೆಲ್‌ಗೆ ಶೇ. 2 ಹೆಚ್ಚು, ವಿದ್ಯುತ್ ಕಾರಿಗೆ ಶೇ. 2 ಕಡಿಮೆ ಎಂಬುದು ಗಮನಾರ್ಹ. ಇಂಧನ ನೋಡಿ ತೆರಿಗೆ ಹಾಕುವ ಅಭ್ಯಾಸ ಸರ್ಕಾರಕ್ಕೆ ಹೊಸದಲ್ಲ ಎಂದಾಯಿತು.

ಬ್ರಿಟನ್ನಿನ ಪಾಠ

ಹಾಗಾದರೆ ಇಂಗಾಲದ ಲೆಕ್ಕಕ್ಕೇ ತೆರಿಗೆ ಹಾಕಿಬಿಟ್ಟರೆ ಸರಿಹೋಗುವುದೇ? ಬ್ರಿಟನ್ 2001ರ ಮಾರ್ಚ್‌ನಿಂದ ಇದನ್ನು ಮಾಡಿತು. ಡೀಸೆಲ್ ಕಾರು ಲೀಟರಿಗೆ ಹೆಚ್ಚು ದೂರ ಓಡುವುದರಿಂದ ಅದರ ಇಂಗಾಲದ ಅಂಕಿ ಕಡಿಮೆ, ತೆರಿಗೆಯೂ ಕಡಿಮೆ. ಜನ ಡೀಸೆಲ್ಲಿಗೆ ಮುಗಿಬಿದ್ದರು. ಆಗ ಹೊಸ ಕಾರುಗಳಲ್ಲಿ ಐದರಲ್ಲೊಂದಕ್ಕಿಂತ ಕಡಿಮೆಯಿದ್ದ ಡೀಸೆಲ್ ಪಾಲು ಹತ್ತು ಹನ್ನೆರಡು ವರ್ಷಗಳಲ್ಲಿ ಸುಮಾರು ಅರ್ಧಕ್ಕೇರಿತು. ಭೂಮಿಯ ಬಿಸಿ ತಗ್ಗಿಸಲು ಹೊರಟವರು ಲಂಡನ್ನಿನ ಬೀದಿಗಳಿಗೆ ನೈಟ್ರೋಜನ್ ಆಕ್ಸೈಡನ್ನೂ ಮಸಿಯನ್ನೂ ತಂದುಕೊಂಡರು. 2015ರಲ್ಲಿ ಫೋಕ್ಸ್‌ವ್ಯಾಗನ್ ಹಗರಣ ಬಯಲಾದ ಮೇಲಷ್ಟೇ ಈ ಮೋಹ ಇಳಿಯಿತು.

ಕೋಲ್ಕತ್ತಾಕ್ಕೆ ಇದು ದೂರದ ಕಥೆಯಲ್ಲ. ಈ ನಗರದ ಜಗಳ ಯಾವತ್ತೂ ಕಣ್ಣಿಗೆ ಕಾಣುವ ಹೊಗೆಯೊಂದಿಗೇ. 1993ಕ್ಕೆ ಮೊದಲು ನೋಂದಣಿಯಾದ ವಾಣಿಜ್ಯ ವಾಹನಗಳನ್ನು ರಸ್ತೆಯಿಂದ ತೆಗೆಯಬೇಕೆಂದು 2008ರ ಜುಲೈನಲ್ಲಿ ಕಲ್ಕತ್ತಾ ಹೈಕೋರ್ಟ್ ಆದೇಶಿಸಿದ್ದು ಪರಿಸರವಾದಿ ಸುಭಾಷ್ ದತ್ತ ಅವರ ಅರ್ಜಿಯ ಮೇಲೆ. ಟೂ ಸ್ಟ್ರೋಕ್ ಆಟೋಗಳು ಹೋಗಿ ಎಲ್‌ಪಿಜಿ ಆಟೋಗಳು ಬಂದದ್ದೂ ಆ ಆದೇಶದ ಫಲ. ಗಡಿಯಾಹಾಟ್‌ನಲ್ಲಿ ಬಸ್ಸಿಗೆ ಕಾದು ನಿಂತವನ ಎದೆಗೆ ಇಳಿಯುವುದು ಮಸಿಯೇ ಹೊರತು ಇಂಗಾಲದ ಡೈಆಕ್ಸೈಡ್ ಅಲ್ಲ. ಆದ್ದರಿಂದ ಗ್ರಾಂ ಲೆಕ್ಕದ ತೆರಿಗೆ ಬಂದರೆ ಅದರ ಮೇಲೆ ಡೀಸೆಲ್ಲಿಗೆ ಬೇರೆ ಹೆಚ್ಚುವರಿ ಇರಲೇಬೇಕು.

ವಿದ್ಯುತ್ ಕಾರಿನ ವಿಷಯವೂ ಅಷ್ಟೆ. ಅದಕ್ಕೆ ಹೊಗೆಕೊಳವೆ ಇಲ್ಲ ನಿಜ. ಆದರೆ ಇಲ್ಲಿಗೆ ಬರುವ ಕರೆಂಟಿನ ಬಹುಪಾಲು ಬಜ್‌ಬಜ್, ಕೋಲಾಘಾಟ್‌ನಂಥ ಕಲ್ಲಿದ್ದಲು ಸ್ಥಾವರಗಳದ್ದು. ದೇಶದ ಸರಾಸರಿ ನೋಡಿದರೂ ಒಂದು ಯೂನಿಟ್‌ಗೆ 700 ಗ್ರಾಂನಷ್ಟು ಇಂಗಾಲದ ಡೈಆಕ್ಸೈಡ್. ಯೂನಿಟ್‌ಗೆ ಆರೇಳು ಕಿ.ಮೀ. ಓಡಿದರೆ ಕಿಲೋಮೀಟರಿಗೆ 100ರಿಂದ 115 ಗ್ರಾಂ. ಲೀಟರಿಗೆ 20 ಕಿ.ಮೀ. ಕೊಡುವ ಸಣ್ಣ ಪೆಟ್ರೋಲ್ ಕಾರೂ ಹೆಚ್ಚುಕಡಿಮೆ ಅಷ್ಟೇ. ಸೌರವಿದ್ಯುತ್ ಹೆಚ್ಚಿದಂತೆ ಈ ಅಂಕಿ ಇಳಿಯುತ್ತದೆ, ಜತೆಗೆ ಬೀದಿಯ ಗಾಳಿ ಇವತ್ತೇ ಹಗುರಾಗುತ್ತದೆ ಎಂಬ ಕಾರಣಕ್ಕೆ ರಿಯಾಯಿತಿ ಕೊಡಬಹುದು. ಶೇ. 5ಕ್ಕೂ ಶೇ. 40ಕ್ಕೂ ಇರುವ ಅಂತರಕ್ಕೆ ಮಾತ್ರ ಇಂಗಾಲದ ಲೆಕ್ಕದಲ್ಲಿ ಸದ್ಯ ಸಮರ್ಥನೆ ಸಿಗುವುದಿಲ್ಲ.

ಓಡದ ಕಾರಿಗೆ ಯಾವ ಲೆಕ್ಕ?

ಇನ್ನೊಂದು ತೊಡಕು ನಿವೃತ್ತರದ್ದು. ಲೀಟರಿಗೆ 12 ಕಿ.ಮೀ. ಕೊಡುವ ಹಳೆಯ ಕಾರನ್ನು ವರ್ಷಕ್ಕೆ 2,000 ಕಿ.ಮೀ. ಓಡಿಸುವ ಹಿರಿಯರು ಬಿಡುವುದು 380 ಕಿಲೋ ಇಂಗಾಲದ ಡೈಆಕ್ಸೈಡ್. ಲೀಟರಿಗೆ 20 ಕೊಡುವ ಹೊಸ ಕಾರಿನಲ್ಲಿ ದಿನವೂ ಸಾಲ್ಟ್ ಲೇಕ್‌ಗೆ ಹೋಗಿ ಬಂದು, ವರ್ಷಕ್ಕೆ 15,000 ಕಿ.ಮೀ. ಮುಟ್ಟಿಸುವ ಯುವಕ ಬಿಡುವುದು 1,700 ಕಿಲೋಗೂ ಮೇಲೆ. ವರ್ಷ ವರ್ಷ ಗ್ರಾಂ ಲೆಕ್ಕದಲ್ಲಿ ತೆರಿಗೆ ಹಾಕಿದರೆ ಹೆಚ್ಚು ಕಟ್ಟಬೇಕಾದವರು ಆ ಹಿರಿಯರೇ! ಓಡಿದಷ್ಟಕ್ಕೆ ದುಡ್ಡು ಕೊಡಿಸುವ ತೆರಿಗೆ ಈಗಾಗಲೇ ಪೆಟ್ರೋಲ್ ಬಂಕಿನಲ್ಲಿದೆ. ಆ ಕೆಲಸವನ್ನು ಅದಕ್ಕೇ ಬಿಡುವುದು ಲೇಸು. ಹಳೆಯ ಕಾರಿನ ಮಸಿಗೆ ತಪಾಸಣೆ ಬಿಗಿಯಾಗಲಿ.

ಗ್ರಾಂ ಲೆಕ್ಕ ಸಲ್ಲಬೇಕಾದ್ದು ಹೊಸ ಕಾರು ಕೊಳ್ಳುವ ಗಳಿಗೆಯಲ್ಲಿ. ಮುಂದಿನ ಹದಿನೈದು ವರ್ಷ ರಸ್ತೆಯಲ್ಲಿ ಯಾವ ಕಾರು ಇರಬೇಕೆಂದು ನಿರ್ಧಾರವಾಗುವುದು ಆಗಲೇ. ಇದಕ್ಕೆ ಹೊಸ ಪರೀಕ್ಷೆಯೂ ಬೇಕಿಲ್ಲ. ಕಂಪನಿಗಳು ತಾವು ಮಾರುವ ಕಾರುಗಳ ಸರಾಸರಿಯನ್ನು ಕಿಲೋಮೀಟರಿಗೆ 113 ಗ್ರಾಂ ಆಸುಪಾಸಿಗೆ ಇಳಿಸಬೇಕೆಂಬ ಕೇಂದ್ರದ ನಿಯಮ 2022-23ರಿಂದಲೇ ಇದೆ, ಅದಕ್ಕಾಗಿ ಪ್ರತಿ ಮಾದರಿಯ ಅಂಕಿಯೂ ಸರ್ಕಾರದ ಬಳಿ ಇದೆ. ಜಿಎಸ್‌ಟಿ ಪಟ್ಟಿಯಲ್ಲಿ ಉದ್ದ ಬರೆದಿರುವ ಜಾಗದಲ್ಲಿ ಆ ಅಂಕಿಯನ್ನು ಬರೆಯಬೇಕು, ಅಷ್ಟೆ.