ಮುಟ್ಟಿ ನೋಡಿ ನಂಬಿದವನ ಗುಡಿ

ವಡಪಳನಿಗೆ ಬಂದು ನಲವತ್ತು ವರ್ಷ ಆಯ್ತು. ಊರಿಂದ ಯಾರೇ ಬರಲಿ, ನಾನು ತೋರಿಸೋದು ಅದೇ ನಾಲ್ಕು ಜಾಗ. ಬೆಳಿಗ್ಗೆ ನಮ್ಮ ಮುರುಗನ ದರ್ಶನ, ಆಮೇಲೆ ಮೈಲಾಪುರದ ಕಪಾಲೀಶ್ವರ, ಅಲ್ಲಿಂದ ಸ್ಯಾಂಥೋಮ್ ಚರ್ಚು, ಸಂಜೆ ಮರೀನಾದಲ್ಲಿ ಸುಂಡಲ್. ಚರ್ಚಿನ ಮುಂದೆ ನಿಂತು "ಪೋರ್ಚುಗೀಸರು ಕಟ್ಟಿದ್ದು, ಐನೂರು ವರ್ಷ ಹಳೇದು" ಅಂತ ಗೈಡಿನ ಗತ್ತಿನಲ್ಲಿ ಹೇಳುವುದು ನನ್ನ ಅಭ್ಯಾಸ. ಇಷ್ಟು ವರ್ಷ ಯಾರೂ ಎದುರಾಡಿರಲಿಲ್ಲ.

ಮೊನ್ನೆ ಮೈಸೂರಿನಿಂದ ಅಕ್ಕನ ಮಗ ಬಂದಿದ್ದ. ಗೋಪುರವನ್ನು ಮೇಲಿಂದ ಕೆಳಗೆ ನೋಡಿದ. "ಮಾವ, ಇದು ನಮ್ಮ ಫಿಲೋಮಿನಾ ಚರ್ಚ್ ಥರಾನೇ ಇದೆಯಲ್ಲ" ಅಂದ. ನಾನು ಐನೂರು ವರ್ಷದ ಪಾಠ ಒಪ್ಪಿಸುವಷ್ಟರಲ್ಲಿ ಮೊಬೈಲ್ ತೆಗೆದು ನೋಡಿ, "ಇಲ್ಲ ಮಾವ, 1896. ಹಾಗಾದ್ರೆ ನಿಮ್ಮ ವಡಪಳನಿ ಸ್ಟುಡಿಯೋ ಸೆಟ್ಟಿನ ಥರ, ಡೂಪ್ಲಿಕೇಟು" ಅಂತ ನಕ್ಕ.

ಮುಖಕ್ಕೆ ಹೊಡೆದ ಹಾಗಾಯಿತು. ಹುಡುಗ ಹೇಳಿದ ಇಸವಿ ಸರಿಯಾಗೇ ಇತ್ತು. ಆದರೆ "ಡೂಪ್ಲಿಕೇಟು" ಅನ್ನೋದನ್ನು ಮಾತ್ರ ಒಪ್ಪೋಕೆ ಆಗಲಿಲ್ಲ. ಯಾಕೆ ಅಂತ ಅವನಿಗೆ ಅಲ್ಲೇ ಹೇಳೋಕೆ ತೋಚಲಿಲ್ಲ, ಇಲ್ಲಿ ಬರೀತಿದ್ದೀನಿ.

ಯೇಸುವಿನ ಶಿಷ್ಯ ತೋಮಾ ಕ್ರಿ.ಶ. 52ರಲ್ಲಿ ಕೇರಳಕ್ಕೆ ಬಂದು, 72ರಲ್ಲಿ ಮೈಲಾಪುರದ ಹತ್ತಿರ ಹತನಾದ, ಅವನ ಸಮಾಧಿ ಇಲ್ಲಿದೆ ಅನ್ನೋದು ನಂಬಿಕೆ. ಇತಿಹಾಸಕಾರರೆಲ್ಲ ಅದನ್ನು ಒಪ್ಪುವುದಿಲ್ಲ, ಬಿಡಿ. ಆದರೆ ಹದಿಮೂರನೇ ಶತಮಾನದ ಕೊನೆಯಲ್ಲಿ ಈ ಕರಾವಳಿಗೆ ಬಂದ ಮಾರ್ಕೋ ಪೋಲೋ ಇಲ್ಲಿನ ಸಮಾಧಿಯ ಬಗ್ಗೆ ಬರೆದಿದ್ದಾನೆ. ಕ್ರೈಸ್ತರ ಜೊತೆ ಮುಸಲ್ಮಾನರೂ ಇಲ್ಲಿಗೆ ನಡೆದುಕೊಳ್ಳುತ್ತಿದ್ದರಂತೆ, ಜ್ವರ ಬಂದವರಿಗೆ ಕೊಡೋಕೆ ಇಲ್ಲಿನ ಮಣ್ಣು ಒಯ್ಯುತ್ತಿದ್ದರಂತೆ. ಅಂದರೆ ಪೋರ್ಚುಗೀಸರ ಹಡಗು ಇತ್ತ ತಲೆ ಹಾಕುವ ಎರಡು ಶತಮಾನ ಮೊದಲೇ ಜನ ಇಲ್ಲಿಗೆ ಬರುತ್ತಿದ್ದರು.

ಪೋರ್ಚುಗೀಸರು ಚರ್ಚು ಕಟ್ಟಿದ್ದು 1523ರ ಸುಮಾರಿಗೆ. 1606ರಲ್ಲಿ ಮೈಲಾಪುರ ಬಿಷಪ್ಪರ ಪೀಠವಾದ ಮೇಲೆ ಅದೇ ಕೆಥೆಡ್ರಲ್ ಆಯಿತು. 1893ರಲ್ಲಿ ಹಳೆಯದನ್ನು ಕೆಡವಿ ಹೊಸದನ್ನು ಶುರು ಮಾಡಿದರು, 1896ರಲ್ಲಿ ಅದು ಮುಗಿಯಿತು. ಆಳುತ್ತಿದ್ದವರು ಇಂಗ್ಲಿಷರು, ಬಿಷಪ್ ಮಾತ್ರ ಪೋರ್ಚುಗೀಸರವರು. ಕಟ್ಟಡದ ಜವಾಬ್ದಾರಿ ಹೊತ್ತದ್ದು ಕ್ಯಾಪ್ಟನ್ ಪವರ್ ಎಂಬ ಬ್ರಿಟಿಷ್ ಇಂಜಿನಿಯರ್.

ಆರಿಸಿಕೊಂಡದ್ದು ಗಾಥಿಕ್ ಶೈಲಿ. ಹನ್ನೆರಡನೇ ಶತಮಾನದಲ್ಲಿ ಫ್ರಾನ್ಸಿನಲ್ಲಿ ಹುಟ್ಟಿದ ಶೈಲಿ ಅದು. ಅದರ ಗುಟ್ಟು ಮೊನಚು ಕಮಾನಿನಲ್ಲಿದೆ. ಚಾವಣಿಯ ಭಾರವನ್ನು ಅದು ಕಂಬಗಳ ಕಡೆಗೆ ಸಾಗಿಸುತ್ತದೆ. ಹಾಗಾಗಿ ಗೋಡೆಯನ್ನು ಧಾರಾಳವಾಗಿ ಕೊರೆದು ಎತ್ತರದ ಕಿಟಕಿ ಇಡಬಹುದು, ಬಣ್ಣದ ಗಾಜು ಕೂರಿಸಬಹುದು. ಸ್ಯಾಂಥೋಮಿನ ದೊಡ್ಡ ಗೋಪುರ ಸುಮಾರು 155 ಅಡಿ. ಆದರೆ ನೋಡಬೇಕಾದ್ದು ನಡುವೆ ಇರುವ ಚಿಕ್ಕ ಗೋಪುರವನ್ನು. ಅದರ ನೇರ ಕೆಳಗೆ ಸಮಾಧಿ ಇದೆ. ಕಟ್ಟಡ ಎಷ್ಟು ಸಲ ಬದಲಾದರೂ ಜಾಗ ಇದೇ ಅಂತ ತೋರಿಸೋಕೆ ನೆಟ್ಟ ಗುರುತು ಅದು.

ಶೈಲಿ ಹಳೇದು, ಕಟ್ಟಡ ಹೊಸದು ಅಂದ ಮಾತ್ರಕ್ಕೆ ಡೂಪ್ಲಿಕೇಟೇ? ಜರ್ಮನಿಯ ಕಲೋನ್ ಕೆಥೆಡ್ರಲ್ ಶುರುವಾದದ್ದು 1248ರಲ್ಲಿ, ಅದರ ಜೋಡಿ ಗೋಪುರ ಮುಗಿದದ್ದು 1880ರಲ್ಲಿ! ಅದನ್ನು ನೋಡಿಯೇ ರೂಪಿಸಿದ ನಮ್ಮ ಫಿಲೋಮಿನಾ ಚರ್ಚಿಗೆ ನಾಲ್ವಡಿ ಕೃಷ್ಣರಾಜ ಒಡೆಯರು ಅಡಿಗಲ್ಲು ಹಾಕಿದ್ದು 1933ರಲ್ಲಿ. ಅಲ್ಲಿ ಮೊಣಕಾಲೂರಿದವರ ಕಣ್ಣೀರು ಡೂಪ್ಲಿಕೇಟಲ್ಲ. ಇಷ್ಟೇಕೆ, ನಮ್ಮ ವಡಪಳನಿ ಮುರುಗನ ಗುಡಿ ಶುರುವಾದದ್ದೇ 1890ರ ಸುಮಾರಿಗೆ, ಅಣ್ಣಸ್ವಾಮಿ ಎಂಬ ಭಕ್ತರು ಗುಡಿಸಲಲ್ಲಿ ಒಂದು ಪಟ ಇಟ್ಟು ಪೂಜೆ ಮಾಡಿದಾಗ. ಅಂದರೆ ಎರಡೂ ಹೆಚ್ಚುಕಡಿಮೆ ಒಂದೇ ವಾರಿಗೆಯವು! ಸ್ಟುಡಿಯೋ ಸೆಟ್ಟನ್ನು ಶೂಟಿಂಗ್ ಮುಗಿದ ಮೇಲೆ ಬಿಚ್ಚಿ ಹಾಕ್ತಾರೆ. ಇವೆರಡನ್ನೂ ಜನ ಬಿಟ್ಟುಹೋಗಿಲ್ಲ.

ಹಾಗಂತ ನಾನು ಹೇಳ್ತಿದ್ದ ಸುಳ್ಳು ನಿಜ ಆಗಲ್ಲ. ಐನೂರು ವರ್ಷ ಅಂತ ಹೇಳಿದಾಗಲೆಲ್ಲ ನಾನು ಎರಡು ಸಂಗತಿ ಮುಚ್ಚಿಡುತ್ತಿದ್ದೆ. ಒಂದು, ಪೋರ್ಚುಗೀಸರ ಚರ್ಚು ಹೋಯಿತು ಅನ್ನೋ ನಷ್ಟ. ಇನ್ನೊಂದು ಬಾಯಿಬಿಟ್ಟು ಹೇಳೋಕೆ ಕಷ್ಟದ್ದು. ಹಳೆಯ ಕಪಾಲೀಶ್ವರ ದೇವಾಲಯ ಕಡಲ ದಡದಲ್ಲಿತ್ತು, ಪೋರ್ಚುಗೀಸರ ಕಾಲದಲ್ಲಿ ನಾಶವಾಯಿತು, ಈಗಿನದು ಆಮೇಲೆ ಕಟ್ಟಿದ್ದು ಅಂತ ಹಲವು ಇತಿಹಾಸಕಾರರು ಹೇಳುತ್ತಾರೆ. ಆ ಗುಡಿಯ ಶಾಸನದ ತುಂಡುಗಳು ಸ್ಯಾಂಥೋಮಿನಲ್ಲಿ ಸಿಕ್ಕಿವೆ. ಇದನ್ನು ಕೆಲವರು ಜಗಳಕ್ಕೆ ಬಳಸ್ತಾರೆ, ಕೆಲವರು ಜಗಳಕ್ಕೆ ಹೆದರಿ ಬಾಯಿ ಮುಚ್ಚಿಕೊಳ್ಳುತ್ತಾರೆ. ನಾನು ಎರಡನೇ ಗುಂಪಿನವನು.

ಈಗ ಅನ್ನಿಸುತ್ತೆ, ಎರಡೂ ತಪ್ಪು. ಆಗಿದ್ದನ್ನು ಆಗಿದ್ದ ಹಾಗೆ, ಇಸವಿ ಸಮೇತ ಹೇಳಿಬಿಡಬೇಕು. ಚರ್ಚಿನ ಬಗ್ಗೆಯೂ ಅಷ್ಟೇ, ನಮ್ಮ ಗುಡಿಗಳ ಬಗ್ಗೆಯೂ ಅಷ್ಟೇ. ಹಳೇ ಕಲ್ಲುಮಂಟಪಕ್ಕೆ ಟೈಲ್ಸ್ ಹಾಸಿ, ಎನಾಮಲ್ ಬಳಿದು, ಆಮೇಲೆ "ಸಾವಿರ ವರ್ಷದ ಗುಡಿ" ಅಂತ ಬೋರ್ಡು ಹಾಕೋದು ನಮ್ಮೂರ ಕಡೆಯೂ ನಡೀತಾ ಇದೆ. ಇರುವ ಹಳೇದನ್ನು ಉಳಿಸಿಕೊಳ್ಳದೆ ಇಲ್ಲದ ವಯಸ್ಸು ಹೇಳಿಕೊಂಡರೆ ಯಾರಿಗೆ ಲಾಭ?

ತೋಮಾನ ಕಥೆ ನಿಮಗೂ ಗೊತ್ತಿರಬಹುದು. ಯೇಸು ಮತ್ತೆ ಎದ್ದು ಬಂದ ಅಂತ ಉಳಿದ ಶಿಷ್ಯರು ಹೇಳಿದಾಗ, ಗಾಯ ಮುಟ್ಟಿ ನೋಡದೆ ನಂಬೋದಿಲ್ಲ ಅಂದವನು ಅವನು. ಗುರು ಅವನನ್ನು ಓಡಿಸಲಿಲ್ಲ, ಬಾ ಮುಟ್ಟು ಅಂದ. ಸಾಕ್ಷಿ ಕೇಳಿದವನ ಹೆಸರಿನ ಗುಡಿಯಲ್ಲಿ ನಿಂತು ಸಾಕ್ಷಿಗೆ ಹೆದರುವುದು ಎಂಥ ಭಕ್ತಿ?

ಸಂಜೆ ಮರೀನಾದಲ್ಲಿ ಸುಂಡಲ್ ತಿನ್ನುತ್ತಾ ಹುಡುಗನಿಗೆ ಇಷ್ಟೇ ಹೇಳಿದೆ: "ಕಟ್ಟಡ 1896ರದ್ದು ಕಣೋ, ನೀನು ಹೇಳಿದ್ದೇ ಸರಿ. ಆದರೆ ಜನ ಅದಕ್ಕಿಂತ ಮುಂಚೆಯಿಂದ ಬರ್ತಿದ್ದಾರೆ." ಅವನು ತಲೆಯಾಡಿಸಿದ. ಇನ್ನು ಮುಂದೆ ಊರಿಂದ ಬಂದವರಿಗೆ ಐನೂರು ವರ್ಷದ ಪಾಠ ಇಲ್ಲ. ನಡುವಿನ ಚಿಕ್ಕ ಗೋಪುರ ತೋರಿಸಿ, ಅಲ್ಲಿಂದಲೇ ಕಥೆ ಶುರು ಮಾಡ್ತೀನಿ. ನೀವೂ ಈ ಕಡೆ ಬಂದರೆ ಮೊದಲು ಅದನ್ನೇ ನೋಡಿ.