ಸಂಸಾರ ವಿಚಾರ: ಬಂಡಿಮನೆಯ ಮೇಲ್ಕಟ್ಟು

ಮನೆಯೆಂದರೆ ಒಂದೆಡೆಯಲ್ಲಿ ಕದಲದೆ ನಿಂತಿರತಕ್ಕುದೆಂದು ನಾವೆಲ್ಲರೂ ಭಾವಿಸಿರುವೆವಷ್ಟೆ. ಆದರೆ ನಡೆಯುವ ಮನೆಗಳೂ ಲೋಕದಲ್ಲಿ ಉಂಟು. ಜರ್ಮನಿ, ಇಂಗ್ಲೆಂಡು ಮೊದಲಾದ ದೇಶಗಳಲ್ಲಿ ಹಾಸಿಗೆ, ಒಲೆ, ನೀರಿನ ತೊಟ್ಟಿ, ಪಾತ್ರೆಯ ಗೂಡು ಇವುಗಳನ್ನು ಒಳಗೇ ಅಳವಡಿಸಿದ ಮೋಟಾರು ವ್ಯಾನುಗಳಲ್ಲಿ ಸಂಸಾರಸಹಿತರಾಗಿ ಸಂಚರಿಸುವ ಪದ್ಧತಿಯು ಬಹುಕಾಲದಿಂದ ರೂಢವಾಗಿದೆ. ಇವುಗಳಿಗೆ ಕ್ಯಾಂಪರ್ ವ್ಯಾನುಗಳೆಂದು ಹೆಸರು. ನಮ್ಮ ವಾಚಕರಲ್ಲಿ ಕೆಲವರ ಮಕ್ಕಳೂ ಅಳಿಯಂದಿರೂ ಆ ದೇಶಗಳಲ್ಲಿ ನೆಲೆಸಿ ಇಂತಹ ಹಳೆಯ ವ್ಯಾನುಗಳನ್ನು ಕೊಂಡಿರಬಹುದು. ಅಂತಹವರಿಗೆ ಉಪಯೋಗವಾದೀತೆಂತಲೂ, ಕೊಳ್ಳದವರಿಗೂ ಇದರಲ್ಲಿ ಗೃಹಸ್ಥಧರ್ಮದ ಮಾತೊಂದು ಅಡಗಿರುವುದೆಂತಲೂ ಎಣಿಸಿ, ಆ ವ್ಯಾನುಗಳ ಮೇಲ್ಕಟ್ಟನ್ನು ಹೊಸದಾಗಿ ಹಾಕುವ ವಿಚಾರವನ್ನು ಈ ತಿಂಗಳು ಎತ್ತಿಕೊಂಡಿದ್ದೇವೆ.

ಮೇಲ್ಕಟ್ಟೆಂಬ ಮಾತು ವಾಚಕರಿಗೆ ಹೊಸದಲ್ಲ. ಮದುವೆಯ ಹಸೆಯ ಮೇಲೆಯೂ ದೇವರ ಮಂಟಪದಲ್ಲಿಯೂ ನಾವು ಕಟ್ಟುವ ಬಟ್ಟೆಯೇ ಅದು. ಅಮರಸಿಂಹನು ಇದಕ್ಕೆ ವಿತಾನ, ಉಲ್ಲೋಚ ಎಂಬ ಹೆಸರುಗಳನ್ನು ಕೊಟ್ಟು, ಅದರ ಬೆನ್ನಿಗೇ ಬಟ್ಟೆಯ ಮನೆಯಾದ ಡೇರೆಯನ್ನೂ ಹೇಳಿದ್ದಾನೆ. ವ್ಯಾನಿನ ಒಳಛಾವಣಿಗೆ ಹೊದಿಸಿದ ಬಟ್ಟೆಯೂ ಈ ಜಾತಿಗೆ ಸೇರಿದುದೇ. ಬರಿಯ ತಗಡನ್ನು ಮರೆಮಾಡುವುದು, ಸದ್ದನ್ನು ತಗ್ಗಿಸುವುದು, ಬಿಸಿಲಿನ ಝಳವನ್ನೂ ರಾತ್ರಿಯ ಚಳಿಯನ್ನೂ ಅಷ್ಟಿಷ್ಟು ತಡೆಯುವುದು ಇದರ ಕೆಲಸ.

ಈ ವ್ಯಾನುಗಳಲ್ಲಿ ಅತ್ಯಂತ ಹೆಸರಾದುದು ಜರ್ಮನಿಯ ಫೋಕ್ಸ್‌ವ್ಯಾಗನ್. ಹಾಲೆಂಡಿನ ವರ್ತಕರಾದ ಬೆನ್ ಪಾನ್ ಎಂಬವರು ೧೯೪೭ರಲ್ಲಿ ತಮ್ಮ ಟಿಪ್ಪಣಿ ಪುಸ್ತಕದಲ್ಲಿ ಗೀಚಿದ ಒಂದು ಚಿತ್ರದಿಂದ ಇದು ಹುಟ್ಟಿತು. ೧೯೫೦ರಲ್ಲಿ ತಯಾರಿಕೆಯು ಮೊದಲಾಯಿತು. ಮರುವರ್ಷವೇ ವೆಸ್ಟ್‌ಫಾಲಿಯಾ ಎಂಬ ಸಂಸ್ಥೆಯವರು ಇದರೊಳಗೆ ವಾಸಕ್ಕೆ ಬೇಕಾದ ಸಾಮಗ್ರಿಗಳನ್ನು ಜೋಡಿಸತೊಡಗಿದರು. ೧೯೬೭ರಲ್ಲಿ ಬಂದ ಎರಡನೆಯ ಮಾದರಿಯು ಜರ್ಮನಿಯಲ್ಲಿ ೧೯೭೯ರವರೆಗೂ, ಬ್ರೆಜಿಲ್ ದೇಶದಲ್ಲಿ ೨೦೧೩ರವರೆಗೂ ತಯಾರಾಗುತ್ತಿದ್ದಿತು. ಹೀಗಿರಲು, ಜರ್ಮನಿಯಿಂದ ಬಂದ ಆ ಮಾದರಿಯ ವ್ಯಾನು ಎಷ್ಟು ಕಿರಿಯದಾದರೂ ನಾಲ್ವತ್ತೈದು ವರ್ಷ ಮೀರಿದುದೇ ಸರಿ.

ಮೇಲ್ಕಟ್ಟುಗಳಲ್ಲಿ ಮುಖ್ಯವಾಗಿ ಎರಡು ವಿಧ. ಮೊದಲನೆಯದರಲ್ಲಿ ಬಟ್ಟೆಯ ಅಥವಾ ವಿನೈಲಿನ ಹಾಳೆಯ ಬೆನ್ನಿನಲ್ಲಿ, ಲಾಡಿ ಸೇರಿಸುವುದಕ್ಕೆ ಹೊಲಿಯುವಂತಹ ಉದ್ದನೆಯ ಮಡಿಕೆಗಳಿರುವುವು. ಅವುಗಳೊಳಗೆ ಬಾಗಿದ ಉಕ್ಕಿನ ಕಂಬಿಗಳನ್ನು ತೂರಿಸಿ, ಕಂಬಿಯ ತುದಿಗಳನ್ನು ಛಾವಣಿಯ ಎರಡು ಪಕ್ಕಗಳಿಗೂ ಸಿಕ್ಕಿಸಿ, ಹಾಳೆಯ ಅಂಚನ್ನು ಕಿಟಕಿ ಬಾಗಿಲುಗಳ ಚೌಕಟ್ಟಿಗೆ ಅಂಟಿಸುವರು. ಎರಡನೆಯದರಲ್ಲಿ ತೆಳುವಾದ ಸ್ಪಂಜಿನ ಬೆನ್ನುಳ್ಳ ಬಟ್ಟೆಯನ್ನು ಹಲಗೆಗೆ ಅಂಟಿಸಿರುವರು. ಶಾಖದಿಂದಲೂ ತೇವದಿಂದಲೂ ಕಾಲಕ್ರಮದಲ್ಲಿ ಈ ಸ್ಪಂಜು ಪುಡಿಯಾಗುವುದು, ಬಟ್ಟೆಯು ಜೋಲುವುದು. ಆಗ ಗುಂಡುಸೂಜಿಗಳನ್ನು ಚುಚ್ಚಿಯೋ ಅಂಟನ್ನು ಸವರಿಯೋ ಅದನ್ನು ನಿಲ್ಲಿಸಬೇಕೆಂಬ ಪ್ರಯತ್ನವು ವ್ಯರ್ಥ. ಅಂಟು ಹಿಡಿಯುವುದಕ್ಕೆ ಆಧಾರವೇ ಪುಡಿಯಾಗಿರುವಾಗ ಹಿಡಿಯುವುದೆಲ್ಲಿ?

ಇನ್ನು ಮರೆಯಲ್ಲಿ ನಡೆಯುವ ಕೇಡನ್ನು ಹೇಳಬೇಕು. ಚಳಿದೇಶದಲ್ಲಿ ನಾಲ್ವರು ಕಿಟಕಿ ಮುಚ್ಚಿಕೊಂಡು ವ್ಯಾನಿನಲ್ಲಿ ಮಲಗಿದರೆ ಅವರ ಉಸಿರಿನ ತೇವವು ತಣ್ಣಗಿರುವ ತಗಡನ್ನು ಮುಟ್ಟಿ ನೀರಾಗುವುದು. ಆ ನೀರು ಮೇಲ್ಕಟ್ಟಿನ ಹಿಂದೆ ನಿಂತು ತುಕ್ಕನ್ನು ಹುಟ್ಟಿಸುವುದು. ಹೊರಗಡೆ ಛಾವಣಿಯ ಸುತ್ತಲಿನ ಮಳೆನೀರಿನ ದೋಣಿಯೂ ತುಕ್ಕು ಹಿಡಿಯುವ ಸ್ಥಳವೇ. ಒಳಗಿನ ತುಕ್ಕೂ ಹೊರಗಿನ ತುಕ್ಕೂ ಸಂಧಿಸಿದವೆಂದರೆ ತಗಡು ಜರಡಿಯಾಗುವುದು. ಆದರೂ ಕುಳಿತವರ ಕಣ್ಣಿಗೆ ಬಿಳಿಯ ಬಟ್ಟೆಯೊಂದೇ ಕಾಣುವುದು.

ಕಳೆದ ವರ್ಷ ಇಂಗ್ಲೆಂಡಿನಲ್ಲಿರುವ ಮಗಳ ಮನೆಯಲ್ಲಿ ನಾವು ಎರಡು ತಿಂಗಳು ಇದ್ದಾಗ ಇದನ್ನು ಪ್ರತ್ಯಕ್ಷವಾಗಿ ಕಂಡೆವು. ಅಳಿಯಂದಿರ ವ್ಯಾನು ೧೯೭೪ರದು. ಮಕ್ಕಳ ರಜೆಯಲ್ಲಿ ಅದರಲ್ಲಿ ವೇಲ್ಸಿನ ಕಡಲತೀರಕ್ಕೆ ಹೋಗಿಬಂದು, ಬಳಿಕ ಪರಿಚಿತರಾದ ಎಳೆಯ ದಂಪತಿಗಳಿಗೆ ಅದನ್ನು ಮಾರುವುದೆಂದು ಗೊತ್ತಾಗಿದ್ದಿತು. ಆ ದಂಪತಿಗಳಿಗೆ ಕೈಗೂಸೊಂದಿತ್ತು. ಹೊಸ ಹಾಳೆಯೂ ಬಂದಿದ್ದಿತು. ಹಳೆಯದನ್ನು ಇಳಿಸಿ ನೋಡಲಾಗಿ, ಜಾರುಬಾಗಿಲ ಮೇಲ್ಗಡೆ ಗೇಣುದ್ದದ ತಗಡು ಬೆರಳೊತ್ತಿದರೆ ಉದುರುವಂತಿದ್ದಿತು.

ಅಳಿಯಂದಿರು ಬಹಳ ಹೊತ್ತು ಮೌನವಾಗಿದ್ದರು. ಗ್ರೇಟ್ ಬ್ರಿಟನ್ನಿನಲ್ಲಿ ನಾಲ್ವತ್ತು ವರ್ಷ ಮೀರಿದ, ಗಣನೀಯವಾಗಿ ಮಾರ್ಪಡಿಸದ ವಾಹನಗಳಿಗೆ ೨೦೧೮ರ ಮೇ ತಿಂಗಳಿನಿಂದ ವಾರ್ಷಿಕ ಪರೀಕ್ಷೆಯು ಕಡ್ಡಾಯವಲ್ಲ. ಬಂದು ನೋಡುವ ಪರೀಕ್ಷಕನಿಲ್ಲ. ಕೊಳ್ಳುವವರು ಮೇಲ್ಕಟ್ಟನ್ನು ಬಿಚ್ಚಿ ನೋಡುವರೇ? ಒಂಬತ್ತು ವರ್ಷದ ಮೊಮ್ಮಗನು, “ತಾತ, ಬಟ್ಟೆ ಹಾಕಿಬಿಟ್ಟರೆ ಯಾರಿಗೂ ಕಾಣುವುದಿಲ್ಲವಲ್ಲ. ನಾಡಿದ್ದೇ ಸಮುದ್ರಕ್ಕೆ ಹೋಗಬಹುದು” ಎಂದನು. ನಾವು ಉತ್ತರವನ್ನು ಯೋಚಿಸುತ್ತಿರುವಾಗಲೇ ಮಗಳು, “ಮಳೆಗೆ ಕಾಣುತ್ತದಪ್ಪಾ” ಎಂದಳು. ಅಳಿಯಂದಿರು ನಮ್ಮ ಕಡೆ ತಿರುಗಿ, “ಮಾವ, ಒಮ್ಮೆ ಹೊದಿಸಿದ ಮೇಲೆ ಬೆಸುಗೆ ಹಾಕಿಸಬೇಕಾದರೆ ಇದನ್ನೆಲ್ಲ ಮತ್ತೆ ಕಿತ್ತೇ ಹಾಕಿಸಬೇಕು. ಕಿಡಿ ಹಾರಿದರೆ ಬಟ್ಟೆ ಹೊತ್ತಿಕೊಳ್ಳುತ್ತದೆ. ಮಾಡುವುದಾದರೆ ಈಗಲೇ” ಎಂದರು. ಬೆಸುಗೆಯವನ ಸರದಿಗೆ ಮೂರು ವಾರ ಕಾಯಬೇಕಾಯಿತು. ಆ ರಜೆಯ ಸಮುದ್ರಯಾತ್ರೆ ತಪ್ಪಿತು. ಹುಡುಗನು ಎರಡು ದಿನ ತಂದೆಯೊಡನೆ ಮಾತನಾಡಲಿಲ್ಲ. ಮಾರಾಟದಿಂದ ಬರತಕ್ಕ ಲಾಭವೂ ಬಹುಮಟ್ಟಿಗೆ ಬೆಸುಗೆಗೇ ಸಂದಿತು. ಆದರೂ ತೇಪೆ ಹಾಕಿದ ಜಾಗದ ಛಾಯಾಚಿತ್ರವನ್ನು ತೋರಿಸಿಯೇ ಅವರು ವ್ಯಾನನ್ನು ಮಾರಿದರು.

ಈಗ ಕೆಲಸದ ಕ್ರಮವನ್ನು ಹೇಳುವೆವು. ಮೊದಲು ಬ್ಯಾಟರಿಯ ಸಂಬಂಧವನ್ನು ತಪ್ಪಿಸಿ, ದೀಪ, ಕನ್ನಡಿ, ಬಿಸಿಲುತಡೆ, ಹಿಡಿಕೆಗಳನ್ನು ಬಿಚ್ಚಬೇಕು. ಹಾಳೆಯ ಅಂಚು ಕಿಟಕಿಯ ರಬ್ಬರಿನ ಕೆಳಗೆ ಹೋಗಿರುವುದರಿಂದ ಗಾಜುಗಳನ್ನೂ ತೆಗೆಯಬೇಕಾಗುವುದು. ಇದಕ್ಕೆ ಇಬ್ಬರು ಬೇಕು. ಹಳೆಯ ಹಾಳೆಯನ್ನು ಹರಿಯದೆ ಇಳಿಸಿ ಅಳತೆಗಾಗಿ ಇಟ್ಟುಕೊಳ್ಳತಕ್ಕುದು. ಕಂಬಿಗಳ ಬಾಗು ಒಂದರಂತೆ ಒಂದಿರಲಾರದು. ಆದುದರಿಂದ ಮುಂದಿನಿಂದ ಹಿಂದಕ್ಕೆ ಅಂಕೆಗಳನ್ನು ಹಾಕಿ, ಎಡಬಲಗಳನ್ನೂ ಗುರುತಿಸಬೇಕು. ಪುಡಿಯಾದ ಸ್ಪಂಜನ್ನೂ ತುಕ್ಕನ್ನೂ ಕೆರೆಯುವಾಗ ಮೂಗುಬಾಯಿಗಳಿಗೆ ಮುಸುಕು, ಕಣ್ಣಿಗೆ ಕನ್ನಡಕ ಅವಶ್ಯ.

ಬಳಿಕ ತುಕ್ಕನ್ನು ಹೊಳೆಯುವ ಲೋಹ ಕಾಣುವವರೆಗೂ ಉಜ್ಜಿ, ಕೊಳೆತ ತಗಡನ್ನು ಕತ್ತರಿಸಿ ಬೆಸುಗೆ ಹಾಕಿಸಿ, ತುಕ್ಕುನಿರೋಧಕ ಬಣ್ಣವನ್ನು ಬಳಿಯಬೇಕು. ಕಂಬಿಗಳಿಗೂ ಬಣ್ಣ ಬೇಕು. ಇಲ್ಲವಾದರೆ ಅವುಗಳ ತುಕ್ಕು ಹೊಸ ಹಾಳೆಯಲ್ಲಿ ಗೆರೆಗೆರೆಯಾಗಿ ಮೂಡುವುದು. ದೀಪದ ತಂತಿಗಳನ್ನು ಪರೀಕ್ಷಿಸುವುದಕ್ಕೂ ಇದೇ ಕಾಲ. ಚಳಿ ತಡೆಯಲು ತಗಡಿಗೆ ಏನನ್ನಾದರೂ ಅಂಟಿಸುವುದಾದರೆ ನೀರನ್ನು ಹೀರದ ಪದಾರ್ಥವನ್ನೇ ಆರಿಸಬೇಕು.

ಹೊಸ ಹಾಳೆಯನ್ನು ಮಡಿಕೆ ಬಿಡಿಸಿ ಕೆಲವು ಗಂಟೆ ಬೆಚ್ಚಗಿನ ಸ್ಥಳದಲ್ಲಿ ಹರಡಿದರೆ ಅದು ಮೆತ್ತಗಾಗುವುದು. ಹಾಳೆಗೂ ಛಾವಣಿಗೂ ನಡುಗೆರೆಯನ್ನು ಗುರುತಿಸಿ, ಕಂಬಿಗಳನ್ನು ತೂರಿಸಿ ಕ್ರಮವಾಗಿ ನಿಲ್ಲಿಸಿ, ನಡುಗೆರೆಗಳನ್ನು ಕೂಡಿಸಬೇಕು. ಮೊದಲು ಮುಂದಿನ ಮತ್ತು ಹಿಂದಿನ ಅಂಚುಗಳು, ಅನಂತರ ಪಕ್ಕಗಳು. ಎಡಗಡೆ ಸ್ವಲ್ಪ ಎಳೆದರೆ ಬಲಗಡೆಯೂ ಅಷ್ಟೇ ಎಳೆಯಬೇಕು. ಒಂದೇ ಪಕ್ಕವನ್ನು ಪೂರ್ತಿ ಮುಗಿಸಿದರೆ ಸುಕ್ಕುಗಳೆಲ್ಲ ಇನ್ನೊಂದು ಪಕ್ಕಕ್ಕೆ ಸೇರುವುವು. ಶಾಖವನ್ನು ತಡೆಯುವ ಅಂಟನ್ನೇ ತರಬೇಕು. ಬಿಸಿಲಿನಲ್ಲಿ ಛಾವಣಿಯು ಬಹಳ ಕಾಯುವುದರಿಂದ ಸಾಮಾನ್ಯವಾದ ಅಂಟು ಬಿಟ್ಟುಕೊಳ್ಳುವುದು. ಅದನ್ನು ಹಾಳೆಗೂ ಚೌಕಟ್ಟಿಗೂ ಸವರಿ, ಬೆರಳಿಗೆ ಹತ್ತದಷ್ಟು ಆರಿದ ಮೇಲೆ ಒತ್ತಬೇಕು. ಇದರ ಆವಿಯು ಉರಿಯತಕ್ಕುದು. ಬಾಗಿಲುಗಳು ತೆರೆದಿರಲಿ, ಬೆಂಕಿಯು ಹತ್ತಿರ ಸುಳಿಯದಿರಲಿ. ಬಟ್ಟೆ ಒಣಗಿಸುವ ಚಿಮುಟಗಳಿಂದ ಅಂಚನ್ನು ಹಿಡಿಸಿ ಒಂದು ದಿನ ಬಿಟ್ಟು, ಆಮೇಲೆಯೇ ಹೆಚ್ಚಿನದನ್ನು ಕತ್ತರಿಸಬೇಕು. ವಿನೈಲಿನಲ್ಲಿ ಉಳಿದ ಸಣ್ಣ ಸುಕ್ಕುಗಳು ಬಿಸಿಗಾಳಿಯನ್ನು ದೂರದಿಂದ ಆಡಿಸಿದರೆ ಹೋಗುವುವು. ಗಾಜನ್ನು ಕೂರಿಸುವಾಗ ರಬ್ಬರಿನ ಸೀಳಿನಲ್ಲಿ ಹುರಿಯೊಂದನ್ನು ಸುತ್ತಲೂ ಇಟ್ಟು, ಸಾಬೂನುನೀರು ಸವರಿ, ಒಬ್ಬರು ಹೊರಗಿನಿಂದ ಒತ್ತುತ್ತಿರಲು ಇನ್ನೊಬ್ಬರು ಒಳಗಿನಿಂದ ಹುರಿಯನ್ನು ಎಳೆದರೆ ರಬ್ಬರಿನ ಅಂಚು ತಾನಾಗಿ ಚೌಕಟ್ಟನ್ನು ಹತ್ತುವುದು.

ಮುಗಿದ ಮೇಲೂ ರಾತ್ರಿ ಮಲಗುವಾಗ ಒಂದು ಕಿಟಕಿಯನ್ನಾದರೂ ಬೆರಳಷ್ಟು ತೆರೆದಿಡುವುದು ಲೇಸು.

ವ್ಯಾನಿಲ್ಲದ ವಾಚಕರೂ ಒಂದು ಕ್ಷಣ ಯೋಚಿಸಬೇಕು. ಜಿನುಗುವ ಗೋಡೆಗೆ ಹಬ್ಬದ ಹಿಂದಿನ ದಿನ ಸುಣ್ಣ ಬಳಿಸುವುದು, ಗೆದ್ದಲು ಹಿಡಿದ ತೊಲೆಯ ಕೆಳಗೆ ಹೊಸ ಹಲಗೆ ಹೊಡೆಸುವುದು ನಮ್ಮಲ್ಲಿಯೂ ಅಪರೂಪವಲ್ಲ. ಆ ಮನೆಯಲ್ಲಿ ಮುಂದೆ ಬಾಡಿಗೆಗೆ ಬರತಕ್ಕವರಿಗೂ ಮಕ್ಕಳುಂಟು. ಆದುದರಿಂದ ನಮ್ಮ ಸಲಹೆಯೇನೆಂದರೆ, ಮನೆಯಾಗಲಿ ಬಂಡಿಯಾಗಲಿ, ಮುಚ್ಚುವುದಕ್ಕೆ ಮುಂಚೆ ಒಳಗಿನ ಸ್ಥಿತಿಯ ಚಿತ್ರವನ್ನು ತೆಗೆದು, ಯಾವ ದಿನ ಏನು ಕಂಡಿತು, ಏನು ಸರಿಪಡಿಸಿತು, ಏನು ಉಳಿಯಿತು ಎಂಬುದನ್ನು ಒಂದು ಪುಸ್ತಕದಲ್ಲಿ ಬರೆದಿಡಿರಿ. ಬೀಗದ ಕೈಯನ್ನು ಇನ್ನೊಬ್ಬರಿಗೆ ಕೊಡುವ ದಿನ ಆ ಪುಸ್ತಕವನ್ನೂ ಅದರೊಡನೆ ಕೊಡಿರಿ.